ಏನ್ ತಿಂದಿ ಎಂಬ ಪ್ರಶ್ನೆ

ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯಲ್ಲಿ ಮದುವೆ, ನಾಮಕರಣಗಳಿಗೆಂದು ಒಂದು ಹಾಲ್ ಇತ್ತು. ಶನಿವಾರ ಸಂಜೆ ಅಲ್ಲಿನ ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಗೆ ಒತ್ತರಿಸಿದರೆ ಅದೇ ನಮ್ಮ ಕಿಕ್‌ಬಾಕ್ಸಿಂಗ್ ಕ್ಲಾಸ್. ಕಲಿಸುತ್ತಿದ್ದವರು ವಿಜಯಪುರದ ಕಡೆಯವರು. ಹಗಲು ಏಸಿ ರಿಪೇರಿ ಮಾಡುತ್ತಿದ್ದರು. ನಾವೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದೆವು.

ಹೊಸಬರನ್ನು ಎದುರುಬದುರು ಆಡಲು ಬಿಡುವಾಗ ಅವರದೊಂದು ಪದ್ಧತಿಯಿತ್ತು. ಆಡುತ್ತಿರುವಾಗಲೇ ಹೊರಗಿನಿಂದ ಕೂಗಿ ಕೇಳುವರು: "ಏನ್ ತಿಂದಿ ಬೇಟಾ?" ಉತ್ತರ ಕೊಡುತ್ತಲೇ ಆಡಬೇಕು. "ಮಾತಾಡಾವ್ರಿಗೆ ಸಿಟ್ಟ ಬರೂದಿಲ್ಲ. ಉಸರ್ ಕಟ್ಟಿದ್ರನ ಕೈ ಜೋರ್ ಬೀಳ್ತೈತಿ" ಎನ್ನುವರು. ಉತ್ತರ ಬರದಿದ್ದರೆ ಆಟ ನಿಲ್ಲುತ್ತಿತ್ತು. ಜೊತೆಗೆ ಪ್ರತಿ ಹೊಸಬರಿಗೂ ಹೊರಗೆ ಒಬ್ಬರು ಕಾವಲು. ಕಾವಲಿನವರು ಹೊಡೆತ ನೋಡುವಂತಿಲ್ಲ, ತಮ್ಮವರ ಮುಖ ಮಾತ್ರ ನೋಡಬೇಕು. ಅವರು "ಬಸ್" ಎಂದರೆ ಮುಗಿಯಿತು. ಯಾಕೆಂದು ಆಮೇಲೆ ಕೇಳಬೇಕು.

ನಾನು ಕಾವಲಿದ್ದುದು ನನ್ನ ಗೆಳತಿಗೆ. ನನಗಿಂತ ಬಹಳ ಚಿಕ್ಕವಳು, ವಿಕ್ರೋಳಿಯ ಆಫೀಸೊಂದರಲ್ಲಿ ಕೆಲಸ. ಉಡುಪಿ ಕಡೆಯ ಅವಳಪ್ಪನ ಹೋಟೆಲ್ ನಮ್ಮ ಸ್ಟೇಷನ್ ಪಕ್ಕದಲ್ಲೇ. ಅಲ್ಲಿ ತಿಂದೇ ಕ್ಲಾಸಿಗೆ ಬರುತ್ತಿದ್ದಳು. ಹಾಗಾಗಿ ಅವಳ ಉತ್ತರ ಯಾವಾಗಲೂ ಒಂದೇ: "ಇಡ್ಲಿ, ಉಸ್ತಾದ್. ಔರ್ ಕ್ಯಾ!" ಕುರ್ಚಿಗಳ ಕಡೆಯಿಂದ ಯಾರಾದರೂ "ಅರೇ, ನಮಗೂ ಪಾರ್ಸೆಲ್ ತಾರೇ ಮಾರಾಯ್ತಿ" ಎಂದು ಛೇಡಿಸುವರು. ಆ ನಗು ಕ್ಲಾಸಿನ ಒಂದು ಭಾಗವೇ ಆಗಿಹೋಗಿತ್ತು.

ಒಂದು ಶನಿವಾರ ಹೋಟೆಲಿಗೆ ಬಣ್ಣ ಹೊಡೆಯುತ್ತಿದ್ದರು. ಬಾಗಿಲು ಹಾಕಿತ್ತು. ನಾವಿಬ್ಬರೂ ಸ್ಟೇಷನ್ ಹೊರಗೆ ನಿಂತು ವಡಾಪಾವ್ ತಿಂದು ಬಂದೆವು. ಅವಳು ಹಸಿಮೆಣಸಿನಕಾಯಿ ಕಚ್ಚಿ ಕಣ್ಣೀರು ಒರೆಸಿಕೊಂಡದ್ದು ಈಗಲೂ ಕಣ್ಣ ಮುಂದಿದೆ.

ಹಾಲ್‌ನಲ್ಲಿ ಅವಳೂ ಎದುರಿನ ಹುಡುಗಿಯೂ ಹಗುರವಾಗಿಯೇ ಆಡುತ್ತಿದ್ದರು. ಒಮ್ಮೆ ಇಬ್ಬರೂ ಒಟ್ಟಿಗೇ ಮುಂದೆ ಬಂದರು. ತಲೆಗೆ ತಲೆ ತಾಗಿತು. ಹೆಡ್‌ಗಾರ್ಡ್ ಇತ್ತು, ಸದ್ದು ಮೆತ್ತಗೆ ಬಂತು. ಉಸ್ತಾದ್ ಇಬ್ಬರನ್ನೂ ತಡೆದು ಗೆಳತಿಯ ಮುಖ ನೋಡಿದರು.

"ಏನ್ ತಿಂದಿ ಬೇಟಾ?"

"ಇಡ್ಲಿ, ಉಸ್ತಾದ್. ಔರ್ ಕ್ಯಾ!"

ಎಲ್ಲರೂ ನಕ್ಕರು. ಉಸ್ತಾದರೂ ನಕ್ಕು ಪಕ್ಕಕ್ಕೆ ಸರಿದರು. ಅವಳು ಮತ್ತೆ ಕೈ ಎತ್ತಿದಳು.

ಕರಿದದ್ದು ತಿಂದು ಬಂದರೆ ಉಸ್ತಾದ್ ಬೈಯುತ್ತಿದ್ದರು. ಅದಕ್ಕೇ ಸುಳ್ಳು ಹೇಳಿದಳೇ? ಸುಳ್ಳು ಹೇಳಿದ್ದರೆ ಅವಳು ಖಂಡಿತ ನನ್ನ ಕಡೆ ನೋಡಿ ತುಟಿ ಕಚ್ಚುತ್ತಿದ್ದಳು. ಅವಳು ನನ್ನನ್ನು ನೋಡಲಿಲ್ಲ. ಯಾರನ್ನೂ ನೋಡುತ್ತಿರಲಿಲ್ಲ.

"ಬಸ್!" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

ಉಸ್ತಾದ್ ಏನೂ ಕೇಳದೆ ನಡುವೆ ಬಂದು ಅವಳನ್ನು ಕೂರಿಸಿದರು. ನಾನು ವಡಾಪಾವ್ ವಿಷಯ ಹೇಳಿದೆ. ಅವರ ಮುಖದ ನಗು ಹೋಯಿತು. ಅವಳ ಮುಂದೆ ಮಂಡಿಯೂರಿ ಮೆಲ್ಲಗೆ ಕೇಳಿದರು: "ಈಗ ಎಲ್ಲಿಂದ ಬಂದಿ, ಬೇಟಾ?"

"ಕಾಲೇಜಿಂದ" ಎಂದಳು.

ಕಾಲೇಜು ಮುಗಿದು ವರ್ಷಗಳಾಗಿದ್ದವು.

ಆಸ್ಪತ್ರೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡು "ನನ್ನ ಸರದಿ ಬಂತಾ?" ಎಂದು ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ಮೊದಲ ಸಲ ಕೇಳುವಂತೆಯೇ ಇತ್ತು. ಮಿದುಳಿಗೆ ಪೆಟ್ಟಾಗಿದೆ, ಅದೃಷ್ಟಕ್ಕೆ ದೊಡ್ಡದಲ್ಲ, ಇನ್ನೊಂದು ಪೆಟ್ಟು ಬೀಳುವ ಮೊದಲೇ ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರ್. ಉಸ್ತಾದ್ ಕಾರಿಡಾರ್‌ನಲ್ಲಿ ಗೋಡೆಗೆ ಒರಗಿ ನಿಂತಿದ್ದರು. "ನಾನಽ ಆ ಉತ್ತರ ಬಾಯಿಪಾಠ ಮಾಡಿಸಿಬಿಟ್ಟಿದ್ನಲ್ಲ" ಎಂದರು.

ಅಲ್ಲಿಂದ ಮುಂದೆ ಅವರು ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಲಿಲ್ಲ. ತಲೆ ತಾಗಿದವರನ್ನು ಆ ದಿನ ಮತ್ತೆ ಆಡಿಸಲೂ ಇಲ್ಲ. ಡಾಕ್ಟರ್ ಒಪ್ಪಿದ ಮೇಲೆ ಗೆಳತಿ ಕ್ಲಾಸಿಗೆ ಮರಳಿದಳು, ಆದರೆ ಆಡಲು ಅಲ್ಲ, ಕಾವಲಿಗೆ. ಅವಳಷ್ಟು ಗಮನವಿಟ್ಟು ಮುಖ ನೋಡುವವರನ್ನು ನಾನು ಮತ್ತೆ ಕಂಡಿಲ್ಲ.

ಈಗ ಆ ಹಾಲ್ ಇಲ್ಲ, ಹೊಸ ಬಿಲ್ಡಿಂಗ್ ಏಳುತ್ತಿದೆ. ಉಸ್ತಾದ್ ಊರಿಗೆ ಹೋದರು. ಅವಳು ಮುಲುಂಡ್‌ನಲ್ಲಿದ್ದಾಳೆ. ಶನಿವಾರ ಸಂಜೆ ಫೋನ್ ಮಾಡಿದಾಗ ನಾನು ಕೇಳುವುದು ಆ ಹಳೆಯ ಪ್ರಶ್ನೆಯನ್ನೇ. ಅವಳು ಯೋಚಿಸಿ, ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತಾಳೆ. ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ.