ಅನಸವ್ವನ ಹಕ್ಕು

ಬೆಟಗೇರಿಯ ಅನಸವ್ವ ಗಂಡನ ಮನೆ ಬಿಟ್ಟಿದ್ದು ಜಗಳಾಡಿ ಅಲ್ಲ. ಮಹಾಂತೇಶ ಇನ್ನೊಬ್ಬಳನ್ನು ಮನೆಗೆ ಕರೆತಂದು, "ಈಕಿನೂ ಇಲ್ಲೇ ಇರ್ತಾಳ" ಅಂದ ದಿನ ಸೀರೆ ಗಂಟು ಕಟ್ಟಿಕೊಂಡು ಸುಮ್ಮನೆ ಹೊರಬಿದ್ದಳು. ಒಂದು ಬಾಡಿಗೆ ಕೋಣೆ ಹಿಡಿದು ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ಬಾಡಿಗೆ ಕಟ್ಟಿ ಉಳಿದದ್ದರಲ್ಲಿ ಹೊಟ್ಟೆ ತುಂಬುವುದೇ ಕಷ್ಟವಾದಾಗ ಜೀವನಾಂಶಕ್ಕೆ ಅರ್ಜಿ ಹಾಕಿದಳು.

ಕೋರ್ಟಿನಲ್ಲಿ ಮಹಾಂತೇಶ ಕೈಮುಗಿದು ನಿಂತ. "ನಾ ಮಂದಿ ಗಾಡಿ ಹೊಡ್ಯಾಂವ ಸಾಹೇಬ್ರ. ಆಕಿ ಮನಿಗೆ ಬರ್ಲಿ, ಇದ್ದದ್ರಾಗ ಸಾಕ್ತೀನಿ. ಹೆಂಗೂ ರೊಟ್ಟಿ ಮಾರಿ ಗಳಸ್ತಾಳ."

ಹೊರಗೆ ಬಂದ ಮೇಲೆ ಅನಸವ್ವನ ವಕೀಲೆ ಹೇಳಿದರು: "ನೀವು ನಾಕು ಕಾಸು ದುಡದ್ರ ಹಕ್ಕೇನು ಹೋಗಂಗಿಲ್ಲ. ಇನ್ನೊಬ್ಬಾಕಿ ಇದ್ದ ಮನಿಗೆ ಹೋಗಬೇಕಂತನೂ ಇಲ್ಲ. ಆದ್ರ ಆಕಿ ಅಲ್ಲಿ ಇರೋದನ್ನ ಕಂಡವ್ರು ಯಾರರೆ ಹೇಳಬೇಕು."

ಮನೆಯೊಳಗೇ ಇದ್ದು ಕಂಡವಳು ಒಬ್ಬಳೇ, ಅತ್ತೆ ಗುರುಸಿದ್ದವ್ವ. ಮಗನ ಮನೆಯಲ್ಲೇ ಇದ್ದಳು. ಮಗ ಗಾಡಿ ಹೊಡೆಯಲು ಹೋದ ಹೊತ್ತು ನೋಡಿ ಅನಸವ್ವ ಹಿತ್ತಿಲ ಬಾಗಿಲಲ್ಲಿ ನಿಂತಳು.

"ಈಗ ನೆನಪಾದ್ನೇನು ನಾ?" ಅಂದಳು ಮುದುಕಿ.

"ನನ್ನ ಪರ ಮಾತಾಡಬ್ಯಾಡ್ರಿ ಅತ್ತಿ. ಕಂಡದ್ದು ಹೇಳ್ರಿ, ಸಾಕು."

"ಹೇಳಿದ ಮ್ಯಾಲೆ ನನಗ ಕೂಳು ಹಾಕವ್ರು ಯಾರು?"

"ರೊಟ್ಟಿ ಬಡ್ಯಾಕಿ ಮನ್ಯಾಗ ಕೂಳಿಗೇನು ಬರ?"

ಗುರುಸಿದ್ದವ್ವ ಬಾಗಿಲು ಹಾಕಿಕೊಂಡಳು.

ಸಾಕ್ಷಿಗೆ ಕರೆದ ದಿನ ಬಂದಳು. ಮಗನ ಕಡೆ ನೋಡದೆ ಕಟಕಟೆಯ ಕಟ್ಟಿಗೆ ಹಿಡಿದು ಹೇಳಿದಳು: "ಮಂದಿ ಗಾಡಿ ಅಲ್ರಿ, ಎರಡು ಟೆಂಪೊ ಅದಾವು, ಎರಡೂ ಇವಂದ. ಎರಡನೇದರ ಪೂಜಿಗೆ ತೆಂಗಿನಕಾಯಿ ಒಡದಾಕಿ ನಾನ. ಕಾಗದದಾಗಷ್ಟ ಆ ಹೆಣ್ಮಗಳ ಹೆಸರು ಐತಿ. ಮೂರು ವರ್ಷದಿಂದ ಆಕಿ ನಮ್ಮ ಮನ್ಯಾಗ ಇದ್ದಾಳ."

"ಯವ್ವಾ, ಏನ್ ಮಾತಾಡಾಕತ್ತಿ?" ಮಹಾಂತೇಶನ ದನಿ ಏರಿತು.

"ಹಡದಾಕಿ ನಾ. ನಿನಗ ಸುಳ್ಳು ಕಲಿಸಿದಾಕಿ ಅಲ್ಲ."

ಅವತ್ತು ಮುದುಕಿಯ ಚೀಲ ಹೊತ್ತು ಅನಸವ್ವನೇ ತನ್ನ ಕೋಣೆಗೆ ಕರೆದೊಯ್ದಳು.

ತಿಂಗಳು ತಿಂಗಳು ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಮಹಾಂತೇಶ ಒಂದು ತಿಂಗಳು ಕೊಟ್ಟು ಕೈಯೆತ್ತಿಬಿಟ್ಟ. ಓಣಿಯ ಹಿರಿಯರು ಬಂದು, "ಹೋಗ್ಲಿ ಬಿಡವಾ, ಎಷ್ಟಂತ ಅಲೀತಿ? ಗಂಡಸಿನ ಮರ್ಯಾದಿ ಪ್ರಶ್ನೆ" ಅಂದರು.

"ನಂದು ಹೊಟ್ಟಿ ಪ್ರಶ್ನೆರಿ ಕಾಕಾ" ಅಂದು ಅನಸವ್ವ ಚಹಾ ಕೊಟ್ಟು ಕಳಿಸಿದಳು. ಮರುದಿನವೇ ಬಾಕಿ ವಸೂಲಿಗೆ ಮತ್ತೆ ಅರ್ಜಿ ಹಾಕಿದಳು.

ವಾರಂಟು ಹಿಡಿದ ಪೊಲೀಸರು ಮಾರ್ಕೆಟ್ಟಿನಲ್ಲಿ ಟೆಂಪೊ ನಿಲ್ಲಿಸಿದಾಗ ಮಹಾಂತೇಶನಿಗೆ ದಾರಿ ಉಳಿಯಲಿಲ್ಲ. ಬಾಕಿಯೆಲ್ಲ ಕೋರ್ಟಿನಲ್ಲೇ ಕಟ್ಟಿದ. ಮೆಟ್ಟಿಲಿಳಿಯುವಾಗ, "ನನ್ನ ಬೀದಿಗೆ ತಂದಿ, ಸಮಾಧಾನ ಆತೇನು?" ಅಂದ.

ಅನಸವ್ವ ನಿಂತು ಅವನ ಮುಖ ನೇರ ನೋಡಿದಳು. "ಮುಂದಿನ ತಿಂಗಳದ್ದು ತಪ್ಪಿಸಬ್ಯಾಡ. ತಪ್ಪಿಸಿದ್ರ ಮತ್ತ ಬರ್ತೀನಿ."

ಆಮೇಲೆ ಅವನು ತಪ್ಪಿಸಲಿಲ್ಲ. ಅತ್ತೆ ಸೊಸೆ ಇನ್ನೂ ಒಂದೇ ಕೋಣೆಯಲ್ಲಿದ್ದಾರೆ. ಹಿಟ್ಟು ನಾದುವ ವಿಷಯಕ್ಕೆ ದಿನಾ ಜಗಳ ಇದ್ದೇ ಇದೆ.