ಒಣಗದ ಬಣ್ಣಕ್ಕೆ ಮಾಡಿದ ಪೂಜೆ

ನಮ್ಮ ಯಜಮಾನರಿಗೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಆದರೂ ತಮಗೆ ಬಾರದ ಕೆಲಸವೇ ಇಲ್ಲ ಎಂದುಕೊಂಡಿದ್ದರು.

ಗುಬ್ಬಿಯ ನಮ್ಮ ಮನೆಯಲ್ಲಿ ಮಾವನವರ ಕಾಲದ ಒಂದು ಪಿಕಪ್ ಇತ್ತು. ಕುಣಿಗಲ್ಲಿನ ನನ್ನ ತವರಿಗೆ ಅದರಲ್ಲೇ ಹೋಗುತ್ತಿದ್ದೆವು. ಮುಂದೆ ಅವರು, ಪಕ್ಕದಲ್ಲಿ ಬೀಡಿ ಸೇದುವ ಅವರ ಗೆಳೆಯ. ಹಿಂದೆ ತೆಂಗಿನಕಾಯಿ ಮೂಟೆಗಳ ನಡುವೆ ನಾನು. ಮುಂದಿನ ಸೀಟಿನ ಸ್ಪ್ರಿಂಗ್ ಎದ್ದಿದೆ, ಸೀರೆ ಹರಿಯುತ್ತದೆ ಎಂದು ಕಾರಣ ಹೇಳುತ್ತಿದ್ದರು. ಆ ಸ್ಪ್ರಿಂಗ್ ಗೆಳೆಯನ ಪಂಚೆಯನ್ನು ಮಾತ್ರ ಒಂದು ದಿನವೂ ಹರಿಯಲಿಲ್ಲ. ಒಳಗೆಲ್ಲ ಹೊಸದು ಮಾಡಿಸಿದ ಮೇಲೆ ನೀನೇ ಮುಂದೆ ಕೂರುವೆಯಂತೆ ಎನ್ನುತ್ತಲೇ ಹನ್ನೆರಡು ವರ್ಷ ಕಳೆದರು.

ತೊಂಬತ್ತರ ದಶಕದ ಕೊನೆಯಲ್ಲಿ ಆ ಮುಹೂರ್ತ ಕೂಡಿಬಂತು. ಸೀಟಿಗೆ ರೆಕ್ಸಿನ್ ಹೊಲಿದುಕೊಟ್ಟ ತುಮಕೂರಿನ ಸಾಬರು, ಮೊದಲು ತುಕ್ಕು ಉಜ್ಜಿಸಿ, ಗಾಡಿಗೆಂದೇ ಬರುವ ಬಣ್ಣ ಹೊಡೆಸಿ, ಚೆನ್ನಾಗಿ ಒಣಗಿದ ಮೇಲೆ ಸೀಟು ಕೂರಿಸಿ ಎಂದು ಹೇಳಿ ಕಳಿಸಿದ್ದರು. ಇವರು ಆಯುಧಪೂಜೆಗೆ ಎರಡೇ ದಿನವಿರುವಾಗ, ಕಿಟಕಿ ಸರಳಿಗೆ ಬಳಿದು ಉಳಿದಿದ್ದ ಹಸಿರು ಬಣ್ಣವನ್ನು ಗಾಡಿಯ ಒಳಗೆಲ್ಲ ತುಕ್ಕಿನ ಮೇಲೆಯೇ ಬಳಿದರು. ಮೀಟರಿನ ಗಾಜಿಗೂ ಬಳಿದರು. ಅದರ ಮುಳ್ಳು ಮಾವನವರ ಕಾಲದಲ್ಲೇ ನಿಂತಿತ್ತು, ನಷ್ಟವೇನೂ ಆಗಲಿಲ್ಲ. ಮರುದಿನವೇ ಹೊಸ ಸೀಟನ್ನೂ ಕೂರಿಸಿದರು.

ಹಬ್ಬದ ಬೆಳಿಗ್ಗೆ, ನಾಳೆ ಕುಣಿಗಲ್ಲಿಗೆ ನಾನು ಮುಂದೆ ತಾನೇ ಎಂದು ಕೇಳಿದೆ.

"ಹೊಸ ಸೀಟು ಕಣೇ, ಕೊಳೆ ಆಯ್ತದೆ. ಈ ಸಲ ಹಿಂದೆ ಕೂತ್ಕೊ."

ಪೂಜೆಯ ತಟ್ಟೆ ಹಿಡಿದು ಒಳಗೆ ಬಗ್ಗಿ, ಡ್ಯಾಶ್‌ಬೋರ್ಡ್ ಮುಟ್ಟಿದೆ. ಬೆರಳು ಹಸಿರಾಯಿತು. ಬಣ್ಣ ಒಣಗಿಲ್ಲ ಎಂದು ಹೇಳಿದೆ, ಹೇಳಲಿಲ್ಲ ಅನ್ನಬಾರದು.

"ಬಣ್ಣದ ವಿಷ್ಯ ನಿಂಗೇನ್ ಗೊತ್ತು? ಪೂಜೆ ಮಾಡು ಸುಮ್ನೆ."

ಮಾಡಿದೆ. ಪ್ರತಿ ವರ್ಷ ಒಂದು ಬೊಟ್ಟು ಇಟ್ಟು ಮುಗಿಸುತ್ತಿದ್ದವಳು ಅಂದು ಈ ತುದಿಯಿಂದ ಆ ತುದಿಗೆ ವಿಭೂತಿ ಎಳೆದೆ. ಅರಿಶಿನ, ಕುಂಕುಮ, ಅಕ್ಷತೆ, ಚೆಂಡುಹೂವಿನ ಎಸಳು, ಯಾವುದಕ್ಕೂ ಕೈ ಬಿಗಿ ಹಿಡಿಯಲಿಲ್ಲ. ಅವರು ಹೊರಗೆ ಬೂದುಗುಂಬಳ ಒಡೆದು ಬರುವಷ್ಟರಲ್ಲಿ ಬಣ್ಣ ಎಲ್ಲವನ್ನೂ ಕಚ್ಚಿಕೊಂಡಿತ್ತು.

ಸಂಜೆ, ಬಣ್ಣ ಕರಗಿಸುವ ತಿನ್ನರಿನಲ್ಲಿ ಅದ್ದಿದ ಬಟ್ಟೆ ಹಿಡಿದು ಬಂದರು.

"ಹಬ್ಬದ ದಿನ ದೇವ್ರ ಕುಂಕುಮ ಒರುಸ್ತೀರಾ?" ಎಂದೆ.

ಮಂಗಳವಾರ ಉಗುರು ಕತ್ತರಿಸಲೂ ಹೆದರುವ ಧೀರರು. ಬಟ್ಟೆ ಕೆಳಗಿಟ್ಟರು.

ಮರುದಿನ ಗೆಳೆಯ ಬಂದು ಬಾಗಿಲು ತೆಗೆದವನು ಹಾಗೇ ನಿಂತ.

"ಏನ್ಲಾ ಇದು, ಗಾಡಿನೋ ಗರ್ಭಗುಡಿನೋ? ಇದ್ರ ಮುಂದೆ ಬೀಡಿ ಹಚ್ಚಕಾಯ್ತದಾ? ನಾನು ಬಸ್ಸಲ್ಲೇ ಬತ್ತೀನಿ ಬುಡು."

ನಾನು ಸೆರಗು ಸುತ್ತಿಕೊಂಡು ಮುಂದೆ ಹತ್ತಿ ಕೂತೆ. ಸ್ಪ್ರಿಂಗೂ ಇಲ್ಲ, ಗೆಳೆಯನೂ ಇಲ್ಲ, ಹಿಂದೆ ಹೋಗು ಎನ್ನಲು ಅವರ ಬಳಿ ಕಾರಣ ಉಳಿದಿರಲಿಲ್ಲ. ಗೂಳೂರು ದಾಟಿ ಹೆಬ್ಬೂರಿನ ಹತ್ತಿರ ಬಂದಾಗ, ಅವರು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು:

"ಬೇಕಂತ್ಲೇ ಮಾಡ್ದೆ ಅಲ್ವೇನೇ?"

ನಾನು ಕಿಟಕಿ ಇಳಿಸಲು ಹಿಡಿ ತಿರುಗಿಸುತ್ತಿದ್ದೆ. ಅದು ಅಲುಗಲಿಲ್ಲ.

"ಅದಿರ್ಲಿ, ಈ ಗಾಜಿನ ಸಂದಿಗೂ ಬಣ್ಣ ಬಳ್ದಿದೀರಲ್ಲ, ಗಾಳಿಗೇನ್ ಮಾಡ್ಲಿ?" ಎಂದೆ.