ಗೋಡೆಯ ಬಿಳುಪು

ಒಂದು ರೋಲಿಗೆ ಹನ್ನೆರಡೇ ಫೋಟೋ ಬರುತ್ತಿದ್ದ ಕಾಲ ಅದು. ಆ ಹನ್ನೆರಡು ಮುಗಿಯಲು ನಮಗೆ ಎರಡು ತಿಂಗಳು ಹಿಡಿಯುತ್ತಿತ್ತು. ತೆಗೆದದ್ದು ಹೇಗೆ ಬಂದಿದೆಯೋ ಎಂದು ಕಾಯುವುದರಲ್ಲೇ ಅರ್ಧ ಸುಖ ಇತ್ತು.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಗುಬ್ಬಿಯಲ್ಲಿ ಅಪ್ಪನ ಜೊತೆ ತೆಂಗಿನಕಾಯಿ ಸುಲಿಯಲು ಹೋಗುತ್ತಿದ್ದೆ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಹೊಡೆದು, ಮೂರು ತಿರುವಿಗೆ ಸಿಪ್ಪೆ ಬಿಡಿಸಬೇಕು. ಹದಿಮೂರು ವರ್ಷಕ್ಕೇ ದೊಡ್ಡವರ ಸಮಕ್ಕೆ ಸುಲಿಯುತ್ತಿದ್ದೆ. ಇದನ್ನು ಹೇಳಿಕೊಳ್ಳಲು ಇವತ್ತಿಗೂ ನನಗೆ ಸಂಕೋಚವಿಲ್ಲ. ಆದರೆ ಪುಸ್ತಕದ ಚೀಲ ಹೊತ್ತ ಹುಡುಗರು ಎದುರಾದರೆ ಮಾತ್ರ ಬೊಬ್ಬೆ ಎದ್ದ ಅಂಗೈ ಮಡಚಿಕೊಳ್ಳುತ್ತಿದ್ದೆ.

ಕುಣಿಗಲ್ಲಿನ ಸೋದರಮಾವ ತನ್ನ ಹಳೇ ಡಬ್ಬ ಕ್ಯಾಮೆರಾ ಕೊಟ್ಟಿದ್ದು ಆಗಲೇ. ಅದಕ್ಕೆ ಇಬ್ಬರು ಯಜಮಾನರು: ನಾನು, ಪಕ್ಕದ ಮನೆಯ ಶಿವು. ಶಿವು ಹೈಸ್ಕೂಲಿನಲ್ಲಿದ್ದ. ರೋಲಿನಲ್ಲಿ ಆರು ಫೋಟೋ ಅವನಿಗೆ, ಆರು ನನಗೆ.

ಫಿಲಂ ತೊಳೆಸಲು ಪೇಟೆಯ ಸ್ಟುಡಿಯೊ ರಾಮಣ್ಣನವರ ಹತ್ತಿರ ಹೋಗುತ್ತಿದ್ದೆವು. ಬಾಗಿಲಲ್ಲೇ ಹುಳಿಹುಳಿ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ರಾಮಣ್ಣ ಯಾರ ಫೋಟೋವನ್ನೂ ಮೊದಲು ನೆಟ್ಟಗೆ ಹಿಡಿದು ನೋಡುತ್ತಿರಲಿಲ್ಲ. ತಲೆಕೆಳಗು ಮಾಡುತ್ತಿದ್ದರು.

"ನೆಟ್ಟಗ್ ಹಿಡಿದ್ರೆ ನಿಮ್ ಮಾವ ಕಾಣ್ತಾನೆ, ನಿಮ್ ಎಮ್ಮೆ ಕಾಣ್ತೈತೆ. ತಲೆಕೆಳಗ್ ಮಾಡಿದ್ರೆ ಬೆಳಕೊಂದೇ ಕಾಣೋದು," ಎನ್ನುತ್ತಿದ್ದರು.

ಆಮೇಲೆ ತಪ್ಪು ಹೇಳುವುದು. "ಇದೇನ್ಲಾ, ಎಮ್ಮೆ ಬೆನ್ನ್ ಮೇಲೆ ತೆಂಗಿನಮರ ಹುಟ್ಟೈತೆ?" ಶಿವು ತೆಗೆದ ಮೇಷ್ಟರ ಫೋಟೋ ನೋಡಿ, "ತಲೆ ಎಲ್ಲೋ ಇವ್ರುದು? ಊಟಕ್ಕೋಗೈತಾ?" ಬಿಸಿಲು ಹೆಚ್ಚಾಗಿ ಫೋಟೋ ಬೆಳ್ಳಗೆ ಹೊಡೆದಿದ್ದರೆ ಅವರದು ಒಂದೇ ಮಾತು: "ಬಿಳುಪು ತಿಂದೈತೆ."

ಒಂದು ದಿನ ನಾನು ಶಿವುವಿನ ಫೋಟೋದ ತಪ್ಪನ್ನು ಅವರಿಗಿಂತ ಮುಂಚೆಯೇ ಹೇಳಿಬಿಟ್ಟೆ. ರಾಮಣ್ಣ ಕನ್ನಡಕ ಮೇಲೆತ್ತಿ, "ಸ್ಕೂಲ್ ಬುಟ್ಟವ್ನೆ ಅಂತಾರೆ, ಇವ್ನ್ ಕಣ್ಣು ಮಾತ್ರ ಎಸ್ಸೆಲ್ಸಿ ಪಾಸಾಗೈತೆ!" ಎಂದರು. ಶಿವು ಜೋರಾಗಿ ನಕ್ಕ. ನನಗೆ ಮೂರು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವತ್ತಿನಿಂದ ಯಾರ ಮನೆಗೆ ಹೋದರೂ ಗೋಡೆಯ ಫೋಟೋಗೆ ಒಂದು ತಪ್ಪು ಹುಡುಕದೆ ಬರುತ್ತಿರಲಿಲ್ಲ.

ಶಿವುವಿಗೆ ಒಂದೇ ಒಂದು ಆಸೆ ಇತ್ತು. ಅವನ ತಾಯಿ ಲಕ್ಕಮ್ಮನವರದ್ದು ಒಂದು ಫೋಟೋ ಬೇಕು, ಮುಖದ ಮೇಲಿನ ಸೆರಗು ತೆಗೆದು ನಿಂತದ್ದು. ಲಕ್ಕಮ್ಮನವರಿಗೆ ತೊನ್ನಿತ್ತು. ಎಡಗೆನ್ನೆಯಿಂದ ತುಟಿಯವರೆಗೆ ಬೆಳ್ಳಗಾಗಿತ್ತು. ಬೀದಿಗೆ ಬಂದರೆ ಸೆರಗು ಆ ಕೆನ್ನೆಗೆ ಬರುತ್ತಿತ್ತು. ಗಂಡ ತೀರಿಕೊಂಡಿದ್ದರು. ಅವರ ಮದುವೆಯ ಕಾಲದ ಫೋಟೋದಲ್ಲೂ ಗಂಡ ಒಬ್ಬರೇ ಕುರ್ಚಿಯ ಮೇಲೆ ಕೂತಿದ್ದರು.

ಅದು ಅವರೆಕಾಯಿಯ ಕಾಲ. ಬೆಳಿಗ್ಗೆ ಮಂಜು ಬಿದ್ದು, ಇಡೀ ಬೀದಿ ಸೊಗಡಿನ ವಾಸನೆಯಲ್ಲಿ ಮುಳುಗಿರುತ್ತಿತ್ತು. ಲಕ್ಕಮ್ಮನವರ ಜಗಲಿಯ ಮೇಲೆ ಕೂತು ಮೂವರೂ ಕಾಳು ಹಿಚುಕುತ್ತಿದ್ದೆವು. ಯಾರ ಬೇಳೆ ದೂರ ಹಾರುತ್ತದೆ ಎಂದು ನಮ್ಮಿಬ್ಬರ ಪಂದ್ಯ. ಅವರು ಬೈಯುತ್ತಲೇ ನಗುತ್ತಿದ್ದರು. ನಮ್ಮೆದುರು ಅವರಿಗೆ ಸೆರಗಿನ ನೆನಪು ಇರುತ್ತಿರಲಿಲ್ಲ.

"ಒಂದೇ ಒಂದು ಅವ್ವ. ರೋಲಲ್ಲಿ ಕೊನೇದು ಉಳ್ದೈತೆ," ಎಂದು ಶಿವು ತಿಂಗಳಿಂದ ಕಾಡುತ್ತಿದ್ದ.

"ಸುಮ್ಕಿರ್ಲಾ. ನನ್ ಮುಖ ನಾನ್ ಕಾಣ್ನಾ?"

"ಕಾಣೆ ಕಣವ್ವ, ನಗೋವಾಗ ನೀನು ನೋಡ್ಕಂಡೇ ಇಲ್ಲ."

 ಅವರು ಕೈ ಒರೆಸಿಕೊಂಡು ಎದ್ದು, ಸುಣ್ಣ ಬಳಿದ ಗೋಡೆಗೆ ಬೆನ್ನು ಕೊಟ್ಟು ನಿಂತರು. ಸೆರಗು ಹೆಗಲಿಗೆ ಇಳಿಯಿತು. ಶಿವು ಕ್ಲಿಕ್ ಮಾಡಿದ.

ಒಂದು ವಾರ ಕಳೆದು ಶಿವು ಓಡಿಬಂದು ಆ ಫೋಟೋ ಅವರ ಕೈಗಿಟ್ಟಾಗ ನಾನೂ ಅಲ್ಲಿದ್ದೆ. ಲಕ್ಕಮ್ಮ ಅದನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಸಣ್ಣ ನಗು ಬಂತು. ಆಮೇಲೆ ನನ್ನ ಕಡೆ ಚಾಚಿದರು.

"ನೀನು ತಿಳ್ದೋನಂತೆ, ಹೇಳಪ್ಪ. ಹೆಂಗೈತೆ?"

ನಾನು ತಿಳಿದವನು! ಫೋಟೋವನ್ನು ರಾಮಣ್ಣನ ಹಾಗೆಯೇ ತಲೆಕೆಳಗು ಮಾಡಿ ಹಿಡಿದೆ. ಯಾರು ಎನ್ನುವುದು ಮರೆತೇ ಹೋಯಿತು. ಹಿಂದಿನ ಸುಣ್ಣದ ಗೋಡೆ ಬಿಸಿಲಿಗೆ ಬೆಳ್ಳಗೆ ಹೊಡೆದು, ಕೂದಲಿನ ಅಂಚನ್ನೆಲ್ಲ ನುಂಗಿಬಿಟ್ಟಿತ್ತು. ಅಷ್ಟೇ ಕಂಡದ್ದು.

"ಬಿಳುಪು ತಿಂದೈತೆ," ಎಂದೆ. "ಈ ಬಿಳುಪೊಂದು ಇಲ್ದಿದ್ರೆ ಒಳ್ಳೇ ಫೋಟೋ ಆಗ್ತಿತ್ತು."

 ಲಕ್ಕಮ್ಮ ನನ್ನ ಕೈಯಿಂದ ಫೋಟೋ ಮೆಲ್ಲಗೆ ತೆಗೆದುಕೊಂಡರು.

"ಔದು ಕಣಪ್ಪ. ಇದೊಂದು ಇಲ್ದಿದ್ರೆ ಎಲ್ಲಾ ಒಳ್ಳೇದೇ ಆಗ್ತಿತ್ತು," ಎಂದು ಸೆರಗು ಎಳೆದುಕೊಂಡು, ನೆಗೆಟಿವ್ ಇದ್ದ ಕವರನ್ನೂ ಸೇರಿಸಿ ಹಿಡಿದುಕೊಂಡು ಒಳಗೆ ಹೋದರು.

ಶಿವು ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದ. "ಗೋಡೆ ಅಂತ ಹೇಳ್ಲಾ. ಒಳಗ್ ಹೋಗಿ ಗೋಡೆ ಅಂತ ಒಂದ್ ಮಾತು ಹೇಳ್ಬುಡು."

ಅಷ್ಟೇ ಬೇಕಾಗಿದ್ದುದು. ಎರಡಕ್ಷರ.  ಆದರೆ ನನ್ನ ಕಣ್ಣು ತಪ್ಪಿತು ಎಂದು ಓದುವ ಹುಡುಗನೊಬ್ಬನ ಮುಂದೆ ಒಪ್ಪಿಕೊಳ್ಳುವುದೇ? "ಇದ್ದಿದ್ ಹೇಳ್ದೆ. ಅವರು ಹಂಗ್ ತಿಳ್ಕಂಡ್ರೆ ನಾನೇನ್ ಮಾಡ್ಲಿ?" ಎಂದೆ.

ಶಿವು ರಟ್ಟೆ ಬಿಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಒಳಗೆ ಹೋಗುತ್ತಿದ್ದೆನೇನೋ.

ವಿಷಯ ಹೇಗೋ ರಾಮಣ್ಣನಿಗೆ ತಿಳಿಯಿತು. ಮುಂದಿನ ಸಲ ಹೋದಾಗ ಅವರು ಕೇಳಿದ್ದು ಇಷ್ಟು: "ತಲೆಕೆಳಗ್ ಮಾಡಿ ನೋಡ್ದೆ, ಸರಿ. ಆಮೇಲೆ ನೆಟ್ಟಗ್ ತಿರುಗ್ಸಿ ನೋಡ್ಲಿಲ್ವೇನಯ್ಯ?"

 ಅವತ್ತು ಗೋಡೆ ಅಂತ ಹೇಳಿಬಿಡಲೆಂದೇ ಸೀದಾ ಲಕ್ಕಮ್ಮನವರ ಮನೆಗೆ ಹೋದೆ. ಅವರು ಎಂದಿನಂತೆ ಮುದ್ದೆ ಮುರಿದು, ಹಿಚುಕಿದ ಬೇಳೆಯ ಸಾರು ಬಡಿಸಿ, "ಉಣ್ಣು ಮಗ, ಕಾಯಿ ಸುಲ್ದು ಬಂದಿದ್ದೀಯ," ಎಂದರು. ಸೆರಗು ಕೆನ್ನೆಯ ಮೇಲೇ ಇತ್ತು. ಮನೆಯೊಳಗೆ, ನನ್ನ ಮುಂದೆ.  ಉಂಡೆ, ಕೈ ತೊಳೆದೆ, ಎದ್ದು ಬಂದೆ.

ಆಮೇಲೆ ನಾನು ತುಮಕೂರಿಗೆ ಬಂದೆ. ಅಲ್ಲಿನ ಸತ್ಯಮಂಗಲದ ಲೇತ್ ಶಾಪಿನಲ್ಲಿ ಕೆಲಸ ಕಲಿತು, ಬೆವರು ಸುರಿಸಿ ಸ್ವಂತ ಮನೆ ಕಟ್ಟಿದೆ. ಅದರ ಬಗ್ಗೆ ಹೆಮ್ಮೆಯಿದೆ. ಲಕ್ಕಮ್ಮ ಮತ್ತೆ ಯಾವ ಕ್ಯಾಮೆರಾದ ಮುಂದೆಯೂ ನಿಲ್ಲಲಿಲ್ಲ, ಮಗನ ಮದುವೆಯಲ್ಲೂ. ಆ ಫೋಟೋವನ್ನು ಅವರು ಎಲ್ಲಿಟ್ಟರೋ ಏನು ಮಾಡಿದರೋ, ತೀರಿಕೊಂಡ ಮೇಲೆ ಶಿವು ಮನೆಯೆಲ್ಲ ಜಾಲಾಡಿದರೂ ಸಿಗಲಿಲ್ಲ, ನೆಗೆಟಿವ್ ಕೂಡ.

ಪ್ರತಿವರ್ಷ ಹಿರಿಯರ ಹಬ್ಬಕ್ಕೆ ಶಿವು ಊಟಕ್ಕೆ ಕರೆಯುತ್ತಾನೆ. ಆ ವಿಷಯ ಅವನು ಎತ್ತಿಲ್ಲ, ನಾನೂ ಎತ್ತಿಲ್ಲ. ಎಡೆ ಇಡುವ ಜಾಗದಲ್ಲಿ ಅವರಪ್ಪನ ಫೋಟೋಗೆ ಹೂವು ಹಾಕಿ, ಮುಂದೆ ಪಂಚೆ ಇಟ್ಟಿರುತ್ತಾನೆ. ಪಕ್ಕದಲ್ಲಿ ಒಂದು ಹೊಸ ಸೀರೆ. ಅದರ ಹಿಂದೆ ಏನೂ ಇಲ್ಲ, ಬರೀ ಗೋಡೆ. ಎಲ್ಲರೂ ಆ ಗೋಡೆಗೆ ಕೈಮುಗಿಯುತ್ತಾರೆ. ನಾನೂ ಮುಗಿಯುತ್ತೇನೆ.